ವಿಮೆಯನ್ನು ತೊರೆಯುವುದಾದರೆ ಕ್ರಮವಾಗಿ ತೊರೆಯೋಣ

(ಮಂಠಾಳದಲ್ಲಿ ಜುಮಾ ನಮಾಝಿನ ಬಳಿಕ ನಡೆದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಪತ್ರಿಕೆಯಲ್ಲಿ ಕೆಲಸ ಮಾಡುವ ನನಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ. "ಮೌಲಾನಾ, ಕೆಲವು ವರ್ಷಗಳ ಹಿಂದೆ ಜೀವವಿಮೆ ಮಾಡಿಸಿದ್ದೇನೆ. ಅದರಲ್ಲಿ ಬಡ್ಡಿ ಇದೆಯೆಂದು ಈಗ ತಿಳಿಯಿತು. ಹೇಗೆ ಬಿಡಲಿ?" ಈ ಪ್ರಶ್ನೆಯ ಅರ್ಧಭಾಗ ಆಲಿಮರಿಗೆ ಸಂಬಂಧಿಸಿದ್ದು, ಉಳಿದರ್ಧ ವಿಮಾ ಕಚೇರಿಯ ಕಿಟಕಿಯ ಹಿಂದೆ ಕುಳಿತಿರುವ ಗುಮಾಸ್ತರಿಗೆ ಸಂಬಂಧಿಸಿದ್ದು. ನಮ್ಮ ಜನ ಗುಮಾಸ್ತರಲ್ಲಿ ಕೇಳಬೇಕಾದುದನ್ನು ಆಲಿಮರಲ್ಲಿ ಕೇಳುತ್ತಾರೆ, ಆಲಿಮರಲ್ಲಿ ಕೇಳಬೇಕಾದುದನ್ನು ಏಜೆಂಟರಲ್ಲಿ ಕೇಳುತ್ತಾರೆ. ಬಹಳಷ್ಟು ಮಂದಿ ಯಾರಲ್ಲೂ ಕೇಳದೆ ಕಂತು ಕಟ್ಟುವುದನ್ನೇ ನಿಲ್ಲಿಸಿಬಿಡುತ್ತಾರೆ. ಇಂದು ಈ ಎರಡೂ ಭಾಗಗಳನ್ನು ಒಟ್ಟಿಗೆ ನೋಡೋಣ.

ಮೊದಲಿಗೆ ನಮ್ಮ ಮನೆಯದೇ ಒಂದು ಸಂಗತಿಯನ್ನು ಹೇಳುತ್ತೇನೆ. ನಾನಿನ್ನೂ ಮದ್ರಸಾದಲ್ಲಿ ಹಿಫ್ಝ್ ಮಾಡುತ್ತಿದ್ದ ಕಾಲ. ನನ್ನ ಚಚಾ ಒಂದು ಪಾಲಿಸಿ ಮಾಡಿಸಿದ್ದರು. ಆರು ತಿಂಗಳಿಗೊಮ್ಮೆ ಕಂತು. ಎರಡೂವರೆ ವರ್ಷ ತಪ್ಪದೆ ಕಟ್ಟಿದರು. ಒಂದು ಶುಕ್ರವಾರ ಮಿಂಬರಿನಿಂದ ವಿಮೆಯ ವಿರುದ್ಧ ಕಟುವಾದ ಮಾತುಗಳನ್ನು ಕೇಳಿ ಮನೆಗೆ ಬಂದವರೇ ಬಾಂಡನ್ನು ತಗಡಿನ ಟ್ರಂಕಿನ ತಳಕ್ಕೆ ಹಾಕಿದರು. ಮತ್ತೆ ಕಂತು ಕಟ್ಟಲಿಲ್ಲ, ಕಚೇರಿಗೂ ಹೋಗಲಿಲ್ಲ. ಅಂದಿನ ನಿಯಮದಂತೆ ಮೂರು ವರ್ಷ ಪೂರ್ತಿ ಕಟ್ಟಿದ್ದರೆ ಮಾತ್ರ ಏನಾದರೂ ಮರಳಿ ಸಿಗುತ್ತಿತ್ತು. ಇನ್ನೊಂದೇ ಕಂತು ಬಾಕಿಯಿತ್ತು! ಕಟ್ಟಿದ ಹಣವೆಲ್ಲ ಹೋಯಿತು. ಎರಡು ವರ್ಷಗಳ ಬಳಿಕ ಮಗಳ ಮದುವೆಗೆ ಹಣವಿಲ್ಲದೆ ಅವರು ಸಾಹುಕಾರರೊಬ್ಬರ ಬಳಿ ನೂರಕ್ಕೆ ಮೂರರಂತೆ ತಿಂಗಳ ಬಡ್ಡಿಗೆ ಸಾಲ ತಂದರು. ಬಡ್ಡಿಗೆ ಹೆದರಿ ಒಂದು ಬಾಗಿಲಿನಿಂದ ಹೊರಬಂದವರು ಇನ್ನೊಂದು ಬಾಗಿಲಿನಿಂದ ಬಡ್ಡಿಯ ಮನೆಗೇ ಪ್ರವೇಶಿಸಿದರು. ಚಚಾರ ಈಮಾನಿನಲ್ಲಿ ಕೊರತೆಯಿರಲಿಲ್ಲ. ಆದರೆ ಬಿಡು ಎಂದು ಹೇಳಿದವರು ಹೇಗೆ ಬಿಡಬೇಕೆಂದು ಹೇಳಿರಲಿಲ್ಲ.

ಇಂದಿನ ನನ್ನ ಮಾತು ಚಚಾರಿಗೆ ಆಗ ಸಿಗದೇ ಹೋದ ಆ ವಿವರಣೆ ಎಂದು ಭಾವಿಸಿರಿ.

ಸಹೋದರರೇ, ವಿಮೆಯ ಬಗ್ಗೆ ವಿದ್ವಾಂಸರು ಏನು ಹೇಳಿದ್ದಾರೆ? 1985ರ ಡಿಸೆಂಬರ್‌ನಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು, ನಿಗದಿತ ಕಂತಿನ ವಾಣಿಜ್ಯ ವಿಮೆಯಲ್ಲಿ ಗರರ್, ಅಂದರೆ ಒಪ್ಪಂದವನ್ನೇ ಕೆಡಿಸುವಷ್ಟು ಅನಿಶ್ಚಿತತೆ ಇದೆ, ಆದ್ದರಿಂದ ಅದು ನಿಷಿದ್ಧ ಎಂದು ತೀರ್ಮಾನಿಸಿತು. ಪರಸ್ಪರ ಸಹಾಯದ ಆಧಾರದ ಸಹಕಾರಿ ವಿಮೆಯನ್ನು ಪರ್ಯಾಯವಾಗಿ ಸೂಚಿಸಿತು. ದೇವ್‌ಬಂದ್‌ನ ದಾರುಲ್ ಉಲೂಮಿನ ಫತ್ವಾಗಳು ಸಾಮಾನ್ಯವಾಗಿ ಜೀವವಿಮೆಯಲ್ಲಿ ಬಡ್ಡಿ ಮತ್ತು ಜೂಜು ಎರಡೂ ಇವೆಯೆಂದು ಅದನ್ನು ತಡೆದಿವೆ. ಇನ್ನೊಂದೆಡೆ, ಸಿರಿಯಾದ ಪ್ರಸಿದ್ಧ ಫಕೀಹ್ ಮುಸ್ತಫಾ ಝರ್ಕಾ ಅವರು ವಿಮೆಯ ಒಪ್ಪಂದವು ಮೂಲತಃ ಅನುಮತಿಸಲ್ಪಟ್ಟದ್ದೆಂದು ವಾದಿಸಿದರು. ನಮ್ಮ ದೇಶದಲ್ಲಿ 1965ರಲ್ಲಿ ಲಖನೌದ ನದ್ವತುಲ್ ಉಲಮಾದ ಮಜ್ಲಿಸೆ ತಹ್ಕೀಕಾತೆ ಶರ್‌ಇಯ್ಯಾ ಈ ವಿಷಯವನ್ನು ಚರ್ಚಿಸಿ, ತೀವ್ರ ಅಗತ್ಯವಿರುವಲ್ಲಿ ಅವಕಾಶವಿದೆಯೆಂದಿತು. 1990ರ ದಶಕದ ಆರಂಭದಲ್ಲಿ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ (ಇಂಡಿಯಾ) ಕೂಡ ಕೋಮು ಗಲಭೆಗಳಲ್ಲಿ ಮುಸ್ಲಿಮರ ಪ್ರಾಣ ಮತ್ತು ಸೊತ್ತು ಅಪಾಯಕ್ಕೊಳಗಾಗುವುದನ್ನು ಮುಂದಿಟ್ಟುಕೊಂಡು ಅನುಮತಿ ನೀಡಿತು.

ಈ ಅನುಮತಿಯ ಹಿಂದಿರುವ ನೋವನ್ನು ಬೀದರ್ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಪಂಡಿತ್ ಸುಂದರಲಾಲ್ ಮತ್ತು ಖಾಝಿ ಅಬ್ದುಲ್ ಗಫ್ಫಾರ್ ಅವರ ತಂಡವು ಸಂಚರಿಸಿ ಅತಿ ಹೆಚ್ಚು ಹಾನಿಗೊಳಗಾದವೆಂದು ಗುರುತಿಸಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರ್ ಒಂದು. ದುಡಿಯುವ ಗಂಡಸಿಲ್ಲದ ಮನೆ ಹೇಗಿರುತ್ತದೆಂದು ನಮ್ಮ ಅಜ್ಜಿಯಂದಿರು ಬಲ್ಲವರಾಗಿದ್ದರು.

ಆದ್ದರಿಂದ ಈ ವೇದಿಕೆಯಿಂದ ನಾನು ಫತ್ವಾ ಕೊಡುವುದಿಲ್ಲ. ನೀವು ಯಾರ ಇಲ್ಮ್ ಮತ್ತು ತಕ್ವಾದ ಮೇಲೆ ಭರವಸೆ ಇಟ್ಟಿದ್ದೀರೋ ಅವರ ಮುಂದೆ ನಿಮ್ಮ ಪಾಲಿಸಿಯ ವಿವರ, ಮನೆಯ ಸ್ಥಿತಿ ಎರಡನ್ನೂ ಇಟ್ಟು ಕೇಳಿರಿ. ಮುಂದುವರಿಸುವುದೆಂದಾದರೆ ಅದು ನಿಮ್ಮ ಮತ್ತು ಅಲ್ಲಾಹನ ನಡುವಿನ ವಿಷಯ. ನೆರೆಯವನು ನಿಮ್ಮನ್ನು ಬಡ್ಡಿಕೋರನೆಂದು ಕರೆಯಬೇಕಾಗಿಲ್ಲ. ಬಿಡುವುದೆಂದಾದರೆ ಪವಿತ್ರ ಕುರ್‌ಆನ್ ಅಲ್‌ಬಕರಾ ಅಧ್ಯಾಯದಲ್ಲಿ ಬಡ್ಡಿಯನ್ನು ನಿಷೇಧಿಸುವಾಗಲೇ ಒಂದು ನ್ಯಾಯವನ್ನೂ ಕಲಿಸಿದೆ: ಪಶ್ಚಾತ್ತಾಪಪಟ್ಟವನಿಗೆ ಅವನ ಮೂಲಧನದ ಮೇಲೆ ಹಕ್ಕಿದೆ; ಅವನು ಅನ್ಯಾಯ ಮಾಡಲೂಬಾರದು, ಅನ್ಯಾಯಕ್ಕೆ ಒಳಗಾಗಲೂಬಾರದು. ಎರಡನೆಯ ಮಾತನ್ನು ನಾವು ಮರೆತಿದ್ದೇವೆ. ನಿಮ್ಮ ಬೆವರಿನ ಹಣವನ್ನು ಕಂಪೆನಿಗೆ ಬಿಟ್ಟುಬರುವುದು ತಕ್ವಾ ಅಲ್ಲ. ಅದು ನಿಮ್ಮ ಮಕ್ಕಳ ಹಣ.

ಈಗ ಕಚೇರಿಯ ಭಾಗಕ್ಕೆ ಬರೋಣ. ಪಾಲಿಸಿಯಿಂದ ಹೊರಬರಲು ಮೂರು ಸರಿಯಾದ ದಾರಿಗಳಿವೆ, ಒಂದು ತಪ್ಪು ದಾರಿಯಿದೆ. ತಪ್ಪು ದಾರಿ ಚಚಾ ಹಿಡಿದದ್ದು, ಅಂದರೆ ಸುಮ್ಮನೆ ಕಂತು ನಿಲ್ಲಿಸುವುದು. ಕಂತಿನ ದಿನ ಕಳೆದ ಮೇಲೆ ಸಾಮಾನ್ಯವಾಗಿ ಮೂವತ್ತು ದಿನ, ತಿಂಗಳ ಕಂತಾದರೆ ಹದಿನೈದು ದಿನ ರಿಯಾಯಿತಿ ಇರುತ್ತದೆ. ಅದೂ ದಾಟಿದರೆ ಪಾಲಿಸಿ ಲ್ಯಾಪ್ಸ್ ಆಗುತ್ತದೆ. ನಿಯಮದ ಕನಿಷ್ಠ ಅವಧಿಯ ಕಂತು ಕಟ್ಟಿಲ್ಲವಾದರೆ ರಕ್ಷಣೆಯೂ ಹೋಗುತ್ತದೆ, ಹಣವೂ ಹೋಗುತ್ತದೆ.

ಮೊದಲನೆಯ ಸರಿಯಾದ ದಾರಿ ಹೊಸದಾಗಿ ಪಾಲಿಸಿ ಪಡೆದವರಿಗೆ. ಇದನ್ನು ಫ್ರೀ ಲುಕ್ ಅವಧಿ ಎನ್ನುತ್ತಾರೆ. ಪಾಲಿಸಿಯ ದಾಖಲೆ ಕೈಸೇರಿದ ದಿನದಿಂದ ಮೂವತ್ತು ದಿನಗಳೊಳಗೆ ಕಾರಣ ಬರೆದು ಮರಳಿಸಿದರೆ ಹಣ ವಾಪಸು ಬರುತ್ತದೆ. ರಕ್ಷಣೆಯಿದ್ದ ದಿನಗಳ ಪಾಲು, ವೈದ್ಯಕೀಯ ಪರೀಕ್ಷೆಯ ಖರ್ಚು ಮತ್ತು ಸ್ಟಾಂಪ್ ಶುಲ್ಕ ಇಷ್ಟನ್ನು ಮಾತ್ರ ಕಳೆಯುತ್ತಾರೆ. ಹಿಂದೆ ಈ ಅವಧಿ ಸಾಮಾನ್ಯವಾಗಿ ಹದಿನೈದು ದಿನವಿತ್ತು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲರಿಗೂ ಮೂವತ್ತು ದಿನ ಮಾಡಿತು. ಬಾಂಡ್ ಬಂದ ಲಕೋಟೆಯನ್ನು ಎಸೆಯಬೇಡಿರಿ, ಬಂದ ತಾರೀಖಿಗೆ ಅದೇ ಸಾಕ್ಷಿ. ಸಂಬಂಧಿಕನೇ ಏಜೆಂಟನಾಗಿದ್ದು ಸಂಕೋಚದಿಂದ ಸಹಿ ಹಾಕಿದವರು ಈ ಅವಧಿಯಲ್ಲೇ ಮನಸ್ಸು ಗಟ್ಟಿಮಾಡಿಕೊಳ್ಳಬೇಕು.

ಎರಡನೆಯದು ಸರೆಂಡರ್. ಅಂದರೆ ಪಾಲಿಸಿಯನ್ನು ಕಂಪೆನಿಗೆ ಒಪ್ಪಿಸಿ ಅದರ ಅಂದಿನ ಬೆಲೆಯನ್ನು ಪಡೆಯುವುದು. ಹಳೆಯ ಪಾಲಿಸಿಗಳಿಗೆ ಮೂರು ವರ್ಷ ಕಂತು ಕಟ್ಟಿದ ಬಳಿಕವೇ ಸರೆಂಡರ್ ಬೆಲೆ ಬರುತ್ತಿತ್ತು. ಆಮೇಲಿನ ಯೋಜನೆಗಳಲ್ಲಿ ಅದು ಎರಡು ವರ್ಷಕ್ಕಿಳಿಯಿತು. 2024ರ ಅಕ್ಟೋಬರ್ 1ರಿಂದ ಬಂದ ನಿಯಮದಂತೆ ಹೊಸ ಯೋಜನೆಗಳಲ್ಲಿ ಒಂದು ವರ್ಷದ ಪೂರ್ಣ ಕಂತು ಕಟ್ಟಿ ಆ ವರ್ಷ ಮುಗಿಸಿದವರಿಗೂ ಏನಾದರೂ ಸಿಗಲೇಬೇಕು. ಷೇರುಪೇಟೆಗೆ ಜೋಡಿಸಿದ ಯೂಲಿಪ್ ಪಾಲಿಸಿಯಾದರೆ ಮೊದಲ ಐದು ವರ್ಷಗಳಲ್ಲಿ ಬಿಟ್ಟರೂ ಹಣ ಕೈಗೆ ಬರುವುದು ಐದು ವರ್ಷ ತುಂಬಿದ ಮೇಲೆಯೇ.

ಮೂರನೆಯದು ಪೇಡ್-ಅಪ್. ಮುಂದಿನ ಕಂತು ಕಟ್ಟುವುದಿಲ್ಲ, ಆದರೆ ಪಾಲಿಸಿ ಸಾಯುವುದೂ ಇಲ್ಲ. ಕಟ್ಟಿದ ಕಂತುಗಳ ಪ್ರಮಾಣಕ್ಕೆ ತಕ್ಕಂತೆ ವಿಮಾ ಮೊತ್ತ ಇಳಿಯುತ್ತದೆ.

ಒಂದು ಲೆಕ್ಕದಿಂದ ಇದನ್ನು ನೋಡೋಣ. ಇಪ್ಪತ್ತು ವರ್ಷದ, ಒಂದು ಲಕ್ಷ ರೂಪಾಯಿಯ ಪಾಲಿಸಿ; ವರ್ಷಕ್ಕೆ 6,000 ರೂಪಾಯಿ ಕಂತು ಎಂದಿಟ್ಟುಕೊಳ್ಳಿ. ಐದು ವರ್ಷ ಕಟ್ಟಿದ್ದೀರಿ, ಒಟ್ಟು 30,000. ಹಳೆಯ ಎಲ್‌ಐಸಿ ಪಾಲಿಸಿಗಳ ಖಾತರಿ ಸರೆಂಡರ್ ಬೆಲೆಯ ಸೂತ್ರದಂತೆ ಮೊದಲ ವರ್ಷದ ಕಂತನ್ನು ಬಿಟ್ಟು ಉಳಿದುದರ ಶೇ. 30, ಅಂದರೆ 24,000ದಲ್ಲಿ 7,200 ರೂಪಾಯಿ. 2014ರಿಂದೀಚಿನ ನಿಯಮಗಳ ಯೋಜನೆಯಾದರೆ ನಾಲ್ಕರಿಂದ ಏಳನೆಯ ವರ್ಷದವರೆಗೆ ಕಟ್ಟಿದ್ದರ ಶೇ. 50, ಅಂದರೆ 15,000. ಇವು ಖಾತರಿಯ ಕನಿಷ್ಠ ಮೊತ್ತಗಳು. ಕಂಪೆನಿಯ ವಿಶೇಷ ಸರೆಂಡರ್ ಬೆಲೆ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ಕೊಡಬೇಕು. ಅದೇ ಪಾಲಿಸಿಯನ್ನು ಪೇಡ್-ಅಪ್ ಮಾಡಿಟ್ಟರೆ ಇಪ್ಪತ್ತರಲ್ಲಿ ಐದು ಪಾಲು, ಅಂದರೆ 25,000 ರೂಪಾಯಿ, ಜೊತೆಗೆ ಈಗಾಗಲೇ ಸೇರಿದ ಬೋನಸ್. ಆದರೆ ಅದು ಸಿಗುವುದು ಅವಧಿ ಮುಗಿದಾಗ ಅಥವಾ ಮರಣವಾದಾಗ.

ಇಲ್ಲಿ ಶರೀಅತ್ತಿನ ಪ್ರಶ್ನೆಯೂ ಸ್ಪಷ್ಟವಾಗುತ್ತದೆ. ಬೇಗ ಸರೆಂಡರ್ ಮಾಡಿದಾಗ ಸಾಮಾನ್ಯವಾಗಿ ಕಟ್ಟಿದ್ದಕ್ಕಿಂತ ಕಡಿಮೆಯೇ ಬರುತ್ತದೆ. ಆದ್ದರಿಂದ ಅದರಲ್ಲಿ ಹೆಚ್ಚುವರಿ ಹಣದ ಪ್ರಶ್ನೆ ಬರುವುದಿಲ್ಲ, ಬಂದದ್ದೆಲ್ಲ ನಿಮ್ಮ ಮೂಲಧನದ ಭಾಗವೇ. ಹಳೆಯ ಪಾಲಿಸಿಯಲ್ಲಿ ಅಥವಾ ಅವಧಿ ಮುಗಿದಾಗ ಕಟ್ಟಿದ್ದಕ್ಕಿಂತ ಹೆಚ್ಚು ಬಂದರೆ, ನಿಷಿದ್ಧವೆನ್ನುವ ವಿದ್ವಾಂಸರ ಅಭಿಪ್ರಾಯದಂತೆ ಆ ಹೆಚ್ಚಿನದನ್ನು ಪುಣ್ಯದ ಆಶೆಯಿಲ್ಲದೆ ಬಡವರಿಗೆ ಕೊಟ್ಟುಬಿಡಬೇಕು. ಕಂಪೆನಿಗೇ ಬಿಟ್ಟುಕೊಡಿ ಎಂದು ಅವರು ಹೇಳುವುದಿಲ್ಲ. ಹೀಗಾಗಿ ನೀವು ಎಷ್ಟು ಕಟ್ಟಿದ್ದೀರೆಂಬ ಲೆಕ್ಕ ನಿಮ್ಮ ಬಳಿ ಇರಲೇಬೇಕು. ರಸೀದಿಗಳಿಲ್ಲವಾದರೆ ಕಚೇರಿಯಿಂದ ಕಂತುಗಳ ವಿವರ ಪಡೆಯಿರಿ.

ಕಚೇರಿಗೆ ಹೋಗುವ ಮುನ್ನ ಏನೇನು ಸಿದ್ಧಪಡಿಸಬೇಕು? ಮೂಲ ಬಾಂಡ್, ಗುರುತಿನ ದಾಖಲೆ, ಪಾನ್ ಕಾರ್ಡ್, ಪಾಲಿಸಿದಾರರದೇ ಹೆಸರಿರುವ ಬ್ಯಾಂಕ್ ಖಾತೆಯ ರದ್ದುಗೊಳಿಸಿದ ಚೆಕ್ ಅಥವಾ ಪಾಸ್‌ಬುಕ್ಕಿನ ಪ್ರತಿ. ನಿಮ್ಮ ಪಾಲಿಸಿಗೆ ಒಂದು ಸೇವಾ ಶಾಖೆ ಇರುತ್ತದೆ. ಪುಣೆಯಲ್ಲಿ ದುಡಿಯುತ್ತಿದ್ದಾಗ ಮಾಡಿಸಿದ ಪಾಲಿಸಿಯ ಕಡತ ಪುಣೆಯಲ್ಲೇ ಇರಬಹುದು. ಮೊದಲು ವಿಚಾರಿಸಿ, ಬೇಕಾದರೆ ಹತ್ತಿರದ ಶಾಖೆಗೆ ವರ್ಗಾಯಿಸಿಕೊಳ್ಳಿರಿ. ಇಂದು ಸರೆಂಡರ್ ಮಾಡಿದರೆ ಎಷ್ಟು, ಪೇಡ್-ಅಪ್ ಮಾಡಿದರೆ ಎಷ್ಟು, ಮುಂದಿನ ವರ್ಷದವರೆಗೆ ತಡೆದರೆ ಎಷ್ಟು, ಈ ಮೂರನ್ನೂ ಲಿಖಿತವಾಗಿ ಕೇಳಿರಿ. ಪಾಲಿಸಿಯ ಮೇಲೆ ಸಾಲ ತೆಗೆದಿದ್ದರೆ ಆ ಸಾಲ ಮತ್ತು ಅದರ ಬಡ್ಡಿಯನ್ನು ಕಳೆದು ಉಳಿದದ್ದನ್ನು ಕೊಡುತ್ತಾರೆ. ಬ್ಯಾಂಕಿಗೆ ಪಾಲಿಸಿಯನ್ನು ಒತ್ತೆಯಿಟ್ಟಿದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ಬಾಂಡ್ ಕಳೆದುಹೋಗಿದ್ದರೆ ಸ್ಟಾಂಪ್ ಕಾಗದದ ಮೇಲೆ ನಷ್ಟಭರ್ತಿಯ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ.

ನಮ್ಮ ಸಮುದಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಅಲೆದಾಟಕ್ಕೆ ಕಾರಣವಾಗುವುದು ಹೆಸರು. ಬಾಂಡಿನಲ್ಲಿ 'ಎಂ.ಡಿ.', ಆಧಾರಿನಲ್ಲಿ 'ಮೊಹಮ್ಮದ್', ಪಾಸ್‌ಬುಕ್ಕಿನಲ್ಲಿ 'ಮಹಮದ್'. ಒಂದು ಕಡೆ 'ಬೀ', ಇನ್ನೊಂದು ಕಡೆ 'ಬೇಗಂ'. ಒಂದರಲ್ಲಿ 'ಶೇಖ್' ಮುಂದಿದೆ, ಇನ್ನೊಂದರಲ್ಲಿ ಹಿಂದಿದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಈ ವ್ಯತ್ಯಾಸವನ್ನು ನೀವು ಬದುಕಿರುವಾಗಲೇ ಸರಿಪಡಿಸಿರಿ. ನಿಮಗೇ ಒಂದು ತಿಂಗಳು ಹಿಡಿಯುವ ಕೆಲಸ ನಿಮ್ಮ ವಿಧವೆಗೆ ಒಂದು ವರ್ಷ ಹಿಡಿದೀತು.

ಅನಂತರ ಅರ್ಜಿ. ಎಲ್‌ಐಸಿಯಲ್ಲಿ ಸರೆಂಡರಿಗೆ 5074 ಸಂಖ್ಯೆಯ ಫಾರಂ ಇದೆ. ಖಾಲಿ ಫಾರಮಿನ ಮೇಲೆ ಯಾರಿಗೂ ಸಹಿ ಹಾಕಿಕೊಡಬೇಡಿರಿ, ಏಜೆಂಟ್ ಸ್ವಂತ ಭಾವಮೈದುನನೇ ಆಗಿದ್ದರೂ ಸರಿ. ಸಲ್ಲಿಸಿದ ಪ್ರತಿಯೊಂದು ಕಾಗದಕ್ಕೂ ತಾರೀಖು, ಮೊಹರು ಇರುವ ಸ್ವೀಕೃತಿ ಪಡೆಯಿರಿ. ಬಾಂಡಿನ ನಕಲು ಮನೆಯಲ್ಲಿರಲಿ. ಸಂಬಳದಿಂದಲೋ ಖಾತೆಯಿಂದಲೋ ಕಂತು ತಾನಾಗಿ ಕಡಿತವಾಗುತ್ತಿದ್ದರೆ ಬ್ಯಾಂಕಿಗೆ ಪ್ರತ್ಯೇಕ ಪತ್ರ ಕೊಟ್ಟು ಅದನ್ನು ನಿಲ್ಲಿಸಬೇಕು. ಸಾಲ ಕೊಡುಕೊಳ್ಳುವ ವ್ಯವಹಾರವನ್ನು ಬರೆದಿಡಿರೆಂದು ವಿವರವಾಗಿ ಆದೇಶಿಸಿದ ಗ್ರಂಥದ ಅನುಯಾಯಿಗಳು ನಾವು. ಬಾಯಿಮಾತಿನಲ್ಲಿ ವ್ಯವಹಾರ ಮುಗಿಸುವುದು ನಮಗೆ ಒಪ್ಪುವುದಿಲ್ಲ.

ಕಚೇರಿ ಉತ್ತರಿಸದಿದ್ದರೆ ಆ ಕಂಪೆನಿಯ ದೂರು ಅಧಿಕಾರಿಗೆ ಬರೆಯಿರಿ. ನಿಯಂತ್ರಣ ಪ್ರಾಧಿಕಾರದ 155255 ಸಂಖ್ಯೆಗೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳಾದರೂ ಪರಿಹಾರ ಸಿಗದಿದ್ದರೆ ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ.

ಈ ವಿಷಯದಲ್ಲಿ ಮೋಸದ ಕರೆಗಳೂ ಬರುತ್ತವೆ. "ನಿಮ್ಮ ಹಳೆಯ ಪಾಲಿಸಿ ಬಿಡಿಸಿಕೊಡುತ್ತೇವೆ, ಬೋನಸ್ ಬಂದಿದೆ, ಮೊದಲು ಇಷ್ಟು ಹಣ ಕಳುಹಿಸಿ" ಎಂದು ಪ್ರಾಧಿಕಾರದ ಹೆಸರಿನಲ್ಲೇ ಮಾತನಾಡುತ್ತಾರೆ. ಪ್ರಾಧಿಕಾರವು ಪಾಲಿಸಿಯನ್ನೂ ಮಾರುವುದಿಲ್ಲ, ಬೋನಸ್ಸನ್ನೂ ಹಂಚುವುದಿಲ್ಲ. ಸರೆಂಡರ್ ಮಾಡಲು ಯಾರಿಗೂ ಮುಂಗಡ ಕೊಡಬೇಕಾಗಿಲ್ಲ.

ಇನ್ನು ಕೆಲವು ವಿಮೆಗಳು ನಮ್ಮ ಇಚ್ಛೆಗೆ ಸೇರಿದವಲ್ಲ. ರಾಜ್ಯ ಸರಕಾರಿ ನೌಕರರ ಕೆಜಿಐಡಿ ಕಡ್ಡಾಯ. ವಾಹನದ ಥರ್ಡ್ ಪಾರ್ಟಿ ವಿಮೆ 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯ. ಹುಮನಾಬಾದ್ ಹೆದ್ದಾರಿಯಲ್ಲಿ ಲಾರಿ ಓಡಿಸುವ ಸಹೋದರನು ಅದನ್ನು ಬಿಟ್ಟರೆ ಕಾನೂನನ್ನೂ ಮುರಿಯುತ್ತಾನೆ, ತನ್ನಿಂದ ಗಾಯಗೊಂಡವನ ಹಕ್ಕನ್ನೂ ಕಸಿಯುತ್ತಾನೆ. ಕಾನೂನು ಬಲವಂತಪಡಿಸಿದ ವಿಷಯದಲ್ಲಿ ನೌಕರನ ಮೇಲಾಗಲಿ ಚಾಲಕನ ಮೇಲಾಗಲಿ ದೋಷವಿಲ್ಲವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ನಿಮಗೇ ತಿಳಿಯದೆ ನಿಮ್ಮ ಖಾತೆಯಲ್ಲಿರಬಹುದಾದ ಒಂದು ವಿಮೆಯೂ ಇದೆ: 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ. 2022ರ ಜೂನ್‌ನಿಂದ ಅದರ ಕಂತು ವರ್ಷಕ್ಕೆ 436 ರೂಪಾಯಿ. ಮರಣವಾದರೆ ಎರಡು ಲಕ್ಷ. ಅವಧಿ ಜೂನ್ 1ರಿಂದ ಮೇ 31. ಬೇಡವೆನ್ನುವವರು ಮೇ ತಿಂಗಳು ಮುಗಿಯುವ ಮೊದಲೇ ಬ್ಯಾಂಕಿಗೆ ಲಿಖಿತ ಪತ್ರ ಕೊಡಬೇಕು. ಇದಕ್ಕೆ ಸರೆಂಡರ್ ಬೆಲೆಯಿಲ್ಲ. ಹಾಗೆಯೇ ನಿಮ್ಮ ಮೊಹಲ್ಲಾದಲ್ಲಿ ಯಾರಾದರೂ ತೀರಿಹೋದರೆ ಅವರ ಪಾಸ್‌ಬುಕ್ಕಿನಲ್ಲಿ ಈ ಕಡಿತ ಇದೆಯೇ ಎಂದು ನೋಡಿರಿ. ಅರ್ಜಿ ಹಾಕದೆ ಯಾರೂ ಮನೆಬಾಗಿಲಿಗೆ ಹಣ ತಂದುಕೊಡುವುದಿಲ್ಲ. ಹತ್ತು ವರ್ಷ ಯಾರೂ ಕೇಳದೆ ಉಳಿದ ವಿಮಾ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಆದ್ದರಿಂದ ಇಂದು ಮನೆಗೆ ಹೋದವರು ಹಳೆಯ ಟ್ರಂಕುಗಳನ್ನು ಒಮ್ಮೆ ತೆರೆದು ನೋಡಿರಿ.

ಸಹೋದರಿಯರೇ, ಈಗ ನಿಮಗೆ ಸಂಬಂಧಿಸಿದ ಮಾತು. ನಿಮ್ಮ ಹೆಸರಿನ ಪಾಲಿಸಿಯನ್ನು ಗಂಡ ಸರೆಂಡರ್ ಮಾಡಲಾರ. ಹೆಬ್ಬೆಟ್ಟು ಒತ್ತು ಎಂದಾಗ, ಯಾವ ಕಾಗದ, ಎಷ್ಟು ಹಣ, ಯಾವ ಖಾತೆಗೆ ಎಂದು ಕೇಳುವುದು ಅವಿಧೇಯತೆಯಲ್ಲ. ನಿಮ್ಮ ಮೆಹರ್ ನಿಮ್ಮದು, ನಿಮ್ಮ ಸಂಪಾದನೆ ನಿಮ್ಮದು, ನಿಮ್ಮ ಪಾಲಿಸಿಯ ಹಣವೂ ನಿಮ್ಮದೇ. ಗಂಡಸರಿಗೂ ಒಂದು ಮಾತು: ನಿಮ್ಮ ಹೆಸರಿನ ಪಾಲಿಸಿಯೇ ಆಗಿದ್ದರೂ ರದ್ದುಪಡಿಸುವ ಮೊದಲು ಹೆಂಡತಿಯೊಂದಿಗೆ ಕುಳಿತು ಮಶ್ವರಾ ಮಾಡಿರಿ. ನಾಳೆ ನೀವಿಲ್ಲದ ದಿನ ಒಲೆ ಹಚ್ಚಬೇಕಾದವಳು ಅವಳು. ಸರೆಂಡರ್ ಆದ ಪಾಲಿಸಿಗೆ ಮತ್ತೆ ಜೀವ ಬರುವುದಿಲ್ಲ. ನಲವತ್ತೈದರ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಯೊಂದಿಗೆ ಹೊಸದು ಬೇಕೆಂದರೂ ಸುಲಭವಾಗಿ ಸಿಗುವುದಿಲ್ಲ.

ನಾಮಿನಿಯ ಬಗ್ಗೆ ನಮ್ಮಲ್ಲಿ ದೊಡ್ಡ ತಪ್ಪುಕಲ್ಪನೆಯಿದೆ. 1983ರಲ್ಲಿ ಸುಪ್ರೀಂ ಕೋರ್ಟು ಸರ್ಬತಿ ದೇವಿ ಪ್ರಕರಣದಲ್ಲಿ, ನಾಮಿನಿ ಹಣವನ್ನು ಪಡೆಯುವವನು ಮಾತ್ರ, ಹಕ್ಕು ವಾರಸುದಾರರದು ಎಂದು ತೀರ್ಪಿತ್ತಿತ್ತು. 2015ರ ತಿದ್ದುಪಡಿಯು ನಾಮಿನಿಯಾದ ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳಿಗೆ ಆ ಹಣದಲ್ಲಿ ಲಾಭದ ಹಕ್ಕನ್ನು ಕೊಟ್ಟಿತು. ಕಾನೂನು ಹೀಗಿದ್ದರೂ ಮುಸ್ಲಿಮನಿಗೆ ಅನ್ನಿಸಾ ಅಧ್ಯಾಯದ ಪಾಲುಗಳಿವೆ: ಮಕ್ಕಳಿದ್ದರೆ ಪತ್ನಿಗೆ ಎಂಟನೆಯ ಒಂದು, ಇಲ್ಲದಿದ್ದರೆ ನಾಲ್ಕನೆಯ ಒಂದು, ತಾಯಿಗೆ ಪಾಲಿದೆ, ಹೆಣ್ಣುಮಕ್ಕಳಿಗೆ ಪಾಲಿದೆ. ನಾಮಿನಿ ಎಂದು ಹೆಸರಿದ್ದ ಮಾತ್ರಕ್ಕೆ ಅಣ್ಣನು ತಂಗಿಯರ ಪಾಲನ್ನು ನುಂಗಿದರೆ, ವಿಮೆಯ ಬಡ್ಡಿಯ ಬಗ್ಗೆ ಅವನು ಮಾಡುವ ಚರ್ಚೆಗೆ ಏನು ಬೆಲೆ?

ಸರೆಂಡರಿನ ಹಣ ಕೈಗೆ ಬಂದಿತು. ಇನ್ನೇನು ಮಾಡಬೇಕು? ಮೊದಲು ಬಡ್ಡಿಯ ಸಾಲವಿದ್ದರೆ ತೀರಿಸಿರಿ. ಅನಂತರ ಎಚ್ಚರಿಕೆಯಿಂದಿರಿ, ಏಕೆಂದರೆ ಈ ಹಂತದಲ್ಲಿಯೇ ನಮ್ಮವರು ಅತಿ ದೊಡ್ಡ ಪೆಟ್ಟು ತಿಂದಿದ್ದಾರೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ ಕುಸಿದಾಗ ಶಿವಾಜಿನಗರದ ಅದರ ಕಚೇರಿಯ ಮುಂದೆ ಬುರ್ಖಾ ಧರಿಸಿದ ತಾಯಂದಿರು ಅಳುತ್ತಾ ನಿಂತಿದ್ದ ಚಿತ್ರಗಳನ್ನು ನೀವು ನೋಡಿದ್ದೀರಿ. ಹಲಾಲ್ ಹೂಡಿಕೆ ಎಂಬ ಹೆಸರಿಗೆ ಮರುಳಾಗಿ ಹತ್ತಾರು ಸಾವಿರ ಜನ ಹಣ ಕೊಟ್ಟಿದ್ದರು, ಹೆಚ್ಚಿನವರು ಮುಸ್ಲಿಮರು. ಪ್ರಕರಣ ಸಿಬಿಐಗೆ ಹೋಯಿತು. ಅದರ ಹಿಂದಿನ ವರ್ಷವೇ ಹೈದರಾಬಾದಿನ ಹೀರಾ ಗೋಲ್ಡ್‌ನ ಹೂಡಿಕೆದಾರರೂ ಬೀದಿಗೆ ಬಿದ್ದಿದ್ದರು. ಗಡ್ಡ, ಟೋಪಿ, ಅರಬಿ ಹೆಸರು ಇವು ಯಾವುದೂ ಒಂದು ವ್ಯವಹಾರವನ್ನು ಹಲಾಲ್ ಮಾಡುವುದಿಲ್ಲ. ವ್ಯಾಪಾರದ ಲಾಭವೆಂದು ಹೇಳಿ ಪ್ರತಿ ತಿಂಗಳೂ ನಿಗದಿತ ಮೊತ್ತದ ಭರವಸೆ ಕೊಡುವವನನ್ನು ಎರಡು ಸಲ ಪ್ರಶ್ನಿಸಿರಿ: ನಷ್ಟವೇ ಬಾರದ ವ್ಯಾಪಾರ ಯಾವುದು? ಹಣ ಸಂಗ್ರಹಿಸಲು ನಿನಗೆ ಯಾರ ಅನುಮತಿಯಿದೆ?

ಸರಕಾರದ ಹೊಣೆಯನ್ನೂ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಸುಡಾನಿನಲ್ಲಿ 1979ರಲ್ಲೇ ಇಸ್ಲಾಮೀ ವಿಮಾ ಕಂಪೆನಿ ಆರಂಭವಾಯಿತು. ಮಲೇಷ್ಯಾ 1984ರಲ್ಲಿ ತಕಾಫುಲ್ ಕಾಯ್ದೆಯನ್ನೇ ತಂದಿತು. ನಮ್ಮ ದೇಶದಲ್ಲಿ 2008ರಲ್ಲಿ ರಘುರಾಮ್ ರಾಜನ್ ಅಧ್ಯಕ್ಷತೆಯ ಸಮಿತಿ ಬಡ್ಡಿರಹಿತ ಬ್ಯಾಂಕಿಂಗನ್ನು ಶಿಫಾರಸು ಮಾಡಿದರೂ 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಕಾನೂನಿನ ಮೇಲ್ವಿಚಾರಣೆಯುಳ್ಳ ಪ್ರಾಮಾಣಿಕ ಬಾಗಿಲನ್ನು ಮುಚ್ಚಿದಾಗ ಕಳ್ಳರ ಕಿಟಕಿ ತೆರೆದುಕೊಳ್ಳುತ್ತದೆ.

ಆದರೆ ಎಲ್ಲ ಹೊಣೆಯನ್ನೂ ಸರಕಾರದ ಮೇಲೆ ಹೊರಿಸಿ ನಾವು ಪಾರಾಗುವಂತಿಲ್ಲ. ಪ್ರವಾದಿವರ್ಯರು(ಸ) ಅಶ್‌ಅರೀ ಬುಡಕಟ್ಟಿನವರನ್ನು ಹೊಗಳಿದ್ದು ಏತಕ್ಕೆ? ಆಹಾರ ಕಡಿಮೆಯಾದಾಗ ಅವರು ಇದ್ದದ್ದನ್ನೆಲ್ಲ ಒಂದೇ ಬಟ್ಟೆಯಲ್ಲಿ ಕೂಡಿಸಿ ಸಮನಾಗಿ ಹಂಚಿಕೊಳ್ಳುತ್ತಿದ್ದರೆಂಬುದಕ್ಕೆ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದು ಸೊತ್ತನ್ನೆಲ್ಲ ದಾನ ಮಾಡಲು ಹೊರಟಾಗ ಪ್ರವಾದಿವರ್ಯರು(ಸ) ತಡೆದದ್ದು ಏತಕ್ಕೆ? ವಾರಸುದಾರರು ಜನರ ಮುಂದೆ ಕೈಚಾಚುವಂತಾಗಬಾರದೆಂದು. ನಮ್ಮ ಈ ಕಲ್ಯಾಣದ ನೆಲದಲ್ಲಿ ಬಸವಣ್ಣನವರೂ ಶರಣರೂ ದುಡಿಮೆಯ ಪಾಲನ್ನು ದಾಸೋಹಕ್ಕೆ ಕೊಡುವುದನ್ನು ಕಲಿಸಿದರು. ಹಂಚಿಕೊಂಡು ಬದುಕುವುದು ಈ ಮಣ್ಣಿಗೆ ಹೊಸತಲ್ಲ.

ಒಂದು ಊರಿನಲ್ಲಿ ಇನ್ನೂರು ಮನೆಗಳು ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 2,40,000 ರೂಪಾಯಿ. ಒಂದು ಮದುವೆಯ ಊಟಕ್ಕೆ ನಾವು ಸುರಿಯುವ ಹಣವದು. ಅದರಿಂದ ನಾಲ್ಕು ಅನಾಥ ಕುಟುಂಬಗಳಿಗೆ ತಿಂಗಳಿಗೆ ಐದೈದು ಸಾವಿರ ಕೊಡಬಹುದು. ಆದರೆ ಇದನ್ನೂ ಕ್ರಮಬದ್ಧವಾಗಿಯೇ ಮಾಡಬೇಕು. ನೋಂದಾಯಿತ ಟ್ರಸ್ಟ್ ಅಥವಾ ಸಂಘದ ಹೆಸರಿನಲ್ಲಿ ಖಾತೆ, ಇಬ್ಬರ ಸಹಿ, ವರ್ಷಕ್ಕೊಮ್ಮೆ ಆಡಿಟ್, ಮಸೀದಿಯ ಫಲಕದ ಮೇಲೆ ಲೆಕ್ಕ. ಸ್ವೀಕರಿಸುವುದು ದೇಣಿಗೆಯನ್ನು ಮಾತ್ರ. ಮರಳಿ ಕೊಡುತ್ತೇವೆಂದು ಠೇವಣಿ ಪಡೆದರೆ ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕಾಯ್ದೆ ಅಡ್ಡ ಬರುತ್ತದೆ. ಝಕಾತಿನ ಹಣಕ್ಕೆ ಅದರದೇ ಹಕ್ಕುದಾರರಿದ್ದಾರೆ, ಅದರ ಲೆಕ್ಕ ಬೇರೆಯಿರಲಿ.

ಮಿಂಬರಿನ ಮೇಲೆ ನಿಲ್ಲುವ ನನ್ನ ಗುರುಗಳಲ್ಲಿ, ಗೆಳೆಯರಲ್ಲಿ ವಿನಮ್ರವಾಗಿ ಕೇಳಿಕೊಳ್ಳುತ್ತೇನೆ. ಪಾಲಿಸಿ ಬಿಡಿರೆಂದು ಹೇಳುವ ಹಕ್ಕು ನಿಮಗಿದೆ. ಆದರೆ ನಿಮ್ಮ ಮಾತು ಕೇಳಿ ಬಿಟ್ಟವನು ನಾಳೆ ಹೆದ್ದಾರಿಯಲ್ಲಿ ಅಪಘಾತಕ್ಕೀಡಾದರೆ ಅವನ ಮನೆಗೆ ಜೋಳದ ಚೀಲ ತಲುಪಿಸುವವರು ಯಾರೆಂಬುದನ್ನೂ ಅದೇ ಮಿಂಬರಿನಿಂದ ಹೇಳಿರಿ. ಅದಕ್ಕೆ ಉತ್ತರವಿಲ್ಲದ ಊರಿನಲ್ಲಿ ನಮ್ಮ ಉಪದೇಶ ಅರ್ಧದಲ್ಲೇ ನಿಂತಂತೆ.

ನನ್ನ ಚಚಾ ಈಗಿಲ್ಲ. ಸಾಹುಕಾರರ ಸಾಲವನ್ನು ತೀರಿಸಲು ಅವರಿಗೆ ಆರು ವರ್ಷ ಬೇಕಾಯಿತು. ಅವರ ನಿಯ್ಯತ್ತನ್ನು ಅಲ್ಲಾಹನು ಸ್ವೀಕರಿಸಲಿ. ನಮಗೆ ಹಲಾಲಾದ ಸಂಪಾದನೆಯನ್ನೂ, ನಮ್ಮ ಹಕ್ಕನ್ನು ಅರಿತು ಪಡೆಯುವ ವಿವೇಕವನ್ನೂ, ಪರರ ಹಕ್ಕನ್ನು ಕಾಯುವ ಹೃದಯವನ್ನೂ ಅವನು ಕರುಣಿಸಲಿ. ಆಮೀನ್.

ವ ಆಖಿರು ದಅವಾನಾ ಅನಿಲ್ ಹಮ್ದು ಲಿಲ್ಲಾಹಿ ರಬ್ಬಿಲ್ ಆಲಮೀನ್.